ಮಾಯುವ ಗಾಯ, ನಿಂತುಹೋದ ಗಾಯ

– ಚಿಕ್ಕಮ್ಮ, ಅಡಕೆ ಕೊಯ್ಲಿನ ಹೊತ್ತಲ್ಲಿ ಕತ್ತಿ ತಾಗಿ ನನ್ನ ಮೊಣಕಾಲ ಕೆಳಗೆ ಸೀಳಿತ್ತಲ್ಲ, ಅದು ಪೂರ್ತಿ ಮಾಯ್ತು. ಅಪ್ಪನ ಅಂಗಾಲಿನ ಗಾಯ ಅದಕ್ಕಿಂತ ಚಿಕ್ಕದು, ಅದಕ್ಕಿಂತ ಮುಂಚೆ ಆದದ್ದು. ಇನ್ನೂ ಹಾಗೇ ಇದೆ. ಒಂದೇ ಮನೆ, ಹಚ್ಚೋದೂ ಒಂದೇ ಮುಲಾಮು. ಯಾಕೆ ಹೀಗೆ?

– ಭಾವನವರ ಕಾಲಿನ ವಿಷಯಕ್ಕೆ ಬರೋಕೆ ಮುಂಚೆ ನಿನ್ನ ಗಾಯ ಹೇಗೆ ಮಾಯ್ತು ಅಂತ ನೋಡೋಣ. ಗಾಯ ಒಂದೇ ಸಮನೆ ನಿಧಾನಕ್ಕೆ ಮುಚ್ಚಿಕೊಳ್ತಾ ಹೋಗುತ್ತೆ ಅಂತ ಬಹಳ ಜನ ತಿಳಿದಿರ್ತಾರೆ. ಹಾಗಲ್ಲ. ಅಲ್ಲಿ ಒಂದರ ಹಿಂದೆ ಒಂದು ಬೇರೆ ಬೇರೆ ಕೆಲಸ ನಡೆಯುತ್ತೆ. ಮುಂದಿನದು ಶುರುವಾಗಬೇಕಾದರೆ ಹಿಂದಿನದು ನಿಲ್ಲಬೇಕು. ಇಷ್ಟು ವರ್ಷ ಪೆಥಾಲಜಿ ಪಾಠ ಮಾಡಿದೆನಲ್ಲ, ಮಾಯದ ಹುಣ್ಣಿನ ಸ್ಲೈಡು ಸೂಕ್ಷ್ಮದರ್ಶಕದ ಕೆಳಗಿಟ್ಟಾಗೆಲ್ಲ ಕಾಣ್ತಿದ್ದದ್ದು ಅದೇ. ಕೆಲಸ ಶುರುವಾಗಿರುತ್ತೆ. ನಿಂತಿರಲ್ಲ.

– ಮೊದಲ ಕೆಲಸ ರಕ್ತ ನಿಲ್ಲಿಸೋದು ತಾನೇ?

– ಹೌದು. ಕತ್ತಿ ತಾಗಿದ ಕೂಡಲೇ ತುಂಡಾದ ರಕ್ತನಾಳಗಳು ಬಿಗಿದುಕೊಳ್ತವೆ. ಚರ್ಮದ ಒಳಪದರದಲ್ಲಿ ಕೊಲಾಜೆನ್ ಅನ್ನೋ ಪ್ರೋಟೀನಿನ ಎಳೆಗಳಿವೆ, ರಕ್ತ ಮಾಮೂಲಾಗಿ ಅವನ್ನು ಮುಟ್ಟೋದೇ ಇಲ್ಲ. ನಾಳ ಹರಿದಾಗ ಮುಟ್ಟುತ್ತೆ. ರಕ್ತದ ಪ್ಲೇಟ್‌ಲೆಟ್‌ಗಳು ಆ ಎಳೆಗಳಿಗೆ ಅಂಟಿಕೊಂಡು ಗುಂಪುಗೂಡ್ತವೆ, ಫೈಬ್ರಿನ್ ಅನ್ನೋ ಪ್ರೋಟೀನು ಬಲೆ ಕಟ್ಟುತ್ತೆ, ರಕ್ತ ಹೆಪ್ಪುಗಟ್ಟುತ್ತೆ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನಂದ್ರೆ, ಆ ಪ್ಲೇಟ್‌ಲೆಟ್‌ಗಳು ಬರೀ ಬಿರಟೆ ಹಾಕಿ ಸುಮ್ಮನಾಗಲ್ಲ. ತಮ್ಮೊಳಗಿದ್ದ ಬೆಳವಣಿಗೆಯ ರಾಸಾಯನಿಕಗಳನ್ನ ಅಲ್ಲೇ ಸುರೀತವೆ. ಮುಂದೆ ಬರಬೇಕಾದ ಜೀವಕೋಶಗಳಿಗೆಲ್ಲ ಕರೆ ಹೋಗೋದು ಅಲ್ಲಿಂದ. ಹೆಪ್ಪುಗಟ್ಟಿದ ರಕ್ತವೇ ಅವು ಹತ್ತಿ ಬರೋಕೆ ಮೊದಲ ಚೌಕಟ್ಟು ಕೂಡ.

– ಮಾರನೇ ದಿನ ನನ್ನ ಕಾಲು ಕೆಂಪಗಾಗಿ ಊದಿಕೊಂಡು ಬಿಸಿಯಾಗಿತ್ತು. ನಂಜಾಯ್ತು ಅಂತ ಅಮ್ಮ ಹೆದರಿದ್ಳು.

– ಕೆಂಪು, ಊತ, ಬಿಸಿ, ನೋವು. ಎರಡು ಸಾವಿರ ವರ್ಷದ ಹಿಂದೆ ರೋಮಿನ ಸೆಲ್ಸಸ್ ಉರಿಯೂತಕ್ಕೆ ಇದೇ ನಾಲ್ಕು ಲಕ್ಷಣಗಳನ್ನ ಬರೆದಿಟ್ಟಿದ್ದಾನೆ. ಮೊದಲ ಎರಡು ಮೂರು ದಿನ ಗಾಯದ ಅಂಚಿನಲ್ಲಿ ಅವು ಇದ್ದೇ ಇರ್ತವೆ. ನಂಜಾದರೆ ಆ ಕೆಂಪು ದಿನದಿಂದ ದಿನಕ್ಕೆ ಹರಡುತ್ತೆ, ನೋವು ಇಳಿಯೋ ಬದಲು ಏರುತ್ತೆ, ಕೀವು ಬರುತ್ತೆ, ಜ್ವರ ಬರುತ್ತೆ. ನಿನ್ನದು ಹಾಗೆ ಆಗಲಿಲ್ಲ. ಅಲ್ಲಿ ಆಗಿದ್ದು ಅಂದ್ರೆ, ರಕ್ತನಾಳಗಳು ಈಗ ಹಿಗ್ಗಿ ಬಿಳಿ ರಕ್ತಕಣಗಳನ್ನ ಹೊರಗೆ ಬಿಟ್ಟವು. ಮೊದಲು ಬಂದದ್ದು ನ್ಯೂಟ್ರೊಫಿಲ್‌ಗಳು, ಕೆಲವೇ ಗಂಟೆಯಲ್ಲಿ. ನಮ್ಮ ಮೂಳೆಯ ಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೊಫಿಲ್‌ಗಳನ್ನ ತಯಾರು ಮಾಡುತ್ತೆ. ಬ್ಯಾಕ್ಟೀರಿಯಾ ನುಂಗೋದು, ಸಾಯೋದು, ಅವುಗಳ ಆಯಸ್ಸು ಅಷ್ಟೇ. ಸತ್ತ ನ್ಯೂಟ್ರೊಫಿಲ್‌ಗಳು ರಾಶಿ ಬಿದ್ದದ್ದನ್ನೇ ನಾವು ಕೀವು ಅಂತೀವಿ. ಎರಡು ಮೂರು ದಿನ ಕಳೆದ ಮೇಲೆ ಬರೋದು ಮ್ಯಾಕ್ರೊಫೇಜ್. ಇಡೀ ಕಥೆಯಲ್ಲಿ ನನಗೆ ಬಹಳ ಮುಖ್ಯ ಅನ್ನಿಸೋದು ಇದೇ.

– ಅದೂ ನುಂಗೋ ಕಣವೇ ಅಲ್ವಾ? ನಕ್ಷತ್ರಮೀನಿಗೆ ಮುಳ್ಳು ಚುಚ್ಚಿ ಕಂಡುಹಿಡಿದರು ಅಂತ ಕಾಲೇಜಿನಲ್ಲಿ ಓದಿದ ನೆನಪು.

– ಮೆಚ್ನಿಕಾಫ್, 1882, ಸಿಸಿಲಿಯ ಮೆಸ್ಸಿನಾ. ನಕ್ಷತ್ರಮೀನಿನ ಮರಿ ಪಾರದರ್ಶಕವಾಗಿರುತ್ತೆ. ತೋಟದ ಮುಳ್ಳೊಂದನ್ನ ಅದರೊಳಗೆ ಚುಚ್ಚಿಟ್ಟ. ಬೆಳಗಾಗೋದರಲ್ಲಿ ಅಲೆಮಾರಿ ಕೋಶಗಳು ಬಂದು ಮುಳ್ಳನ್ನ ಮುತ್ತಿಕೊಂಡಿದ್ದವು. ಆ ಕೆಲಸಕ್ಕೆ 1908ರಲ್ಲಿ ನೊಬೆಲ್ ಬಂತು. ಆದರೆ ಮ್ಯಾಕ್ರೊಫೇಜ್ ಬರೀ ನುಂಗೋ ಕೋಶ ಅಂತ ಬಹಳ ಕಾಲ ನಂಬಿದ್ರು. 1970ರ ದಶಕದಲ್ಲಿ ಅಮೆರಿಕದ ರಸೆಲ್ ರಾಸ್ ಮತ್ತು ಅವರ ಜೊತೆಗಾರರು ಗಿನಿಪಿಗ್‌ಗಳ ಮೇಲೆ ಎರಡು ಪ್ರಯೋಗ ಮಾಡಿದ್ರು. ಒಂದರಲ್ಲಿ ನ್ಯೂಟ್ರೊಫಿಲ್‌ಗಳನ್ನ ತೆಗೆದುಹಾಕಿದ್ರು. ಗಾಯ ಶುಚಿಯಾಗಿದ್ದರಿಂದ ಎಂದಿನಂತೆ ಮಾಯ್ತು. ಇನ್ನೊಂದರಲ್ಲಿ ಮ್ಯಾಕ್ರೊಫೇಜ್‌ಗಳನ್ನ ಇಲ್ಲದಂತೆ ಮಾಡಿದ್ರು. ಕಸ ಅಲ್ಲೇ ಉಳೀತು, ಹೊಸ ಅಂಗಾಂಶ ಕಟ್ಟೋ ಕೆಲಸವೂ ಹಿಂದೆ ಬಿತ್ತು. ಅಂದ್ರೆ ಕಸ ಹೊಡೆಯೋದೂ ಅದೇ, ಮುಂದಿನವರನ್ನ ಕೆಲಸಕ್ಕೆ ಕರೆಯೋದೂ ಅದೇ. ಮೊದಲು ಉರಿಯೂತ ಹೆಚ್ಚಿಸೋ ಸ್ವಭಾವದಲ್ಲಿರುತ್ತೆ. ಸತ್ತ ನ್ಯೂಟ್ರೊಫಿಲ್‌ಗಳನ್ನ ನುಂಗಿದ ಮೇಲೆ ಅದರ ಸ್ವಭಾವ ಬದಲಾಗುತ್ತೆ. ಉರಿಯೂತ ಇಳಿಸಿ, ರಕ್ತನಾಳ ಬೆಳೆಸಿ, ಕೊಲಾಜೆನ್ ನೇಯಿಸೋಕೆ ಶುರುಮಾಡುತ್ತೆ. ನಿನ್ನ ಕಾಲಲ್ಲಿ ಕೆಲವು ದಿನದೊಳಗೆ ಆ ಬದಲಾವಣೆ ಆಯ್ತು. ಭಾವನವರ ಗಾಯ ಇನ್ನೂ ಅದಕ್ಕೆ ಈಚೆ ಕೂತಿದೆ.

– ಹಾಗಾದರೆ ಉರಿಯೂತ ಇಳಿಸೋ ಮಾತ್ರೆ ಕೊಟ್ಟರೆ ಆಯ್ತಲ್ಲ?

– ಅಷ್ಟು ಸುಲಭ ಆಗಿದ್ದರೆ! ಉರಿಯೂತವನ್ನ ಬಲವಾಗಿ ಅದುಮೋ ಔಷಧಿ ಅಂದ್ರೆ ಸ್ಟಿರಾಯ್ಡ್. ಅದನ್ನ ತುಂಬಾ ದಿನ ತಗೊಂಡವರ ಗಾಯ ಬೇರೆಯವರದಕ್ಕಿಂತ ನಿಧಾನಕ್ಕೆ ಮಾಯುತ್ತೆ, ಬೇಗ ನಂಜಾಗುತ್ತೆ. ಉರಿಯೂತ ಬೇಕೇ ಬೇಕು. ಬಂದು, ಕೆಲಸ ಮುಗಿಸಿ, ಹೋಗಬೇಕು. ಹೋಗೋಕೆ ಏನು ಅಡ್ಡಿ ಬಂದಿದೆ ಅಂತ ಹುಡುಕಬೇಕು. ಆ ಅಡ್ಡಿ ಸತ್ತ ಮಾಂಸ ಇರಬಹುದು, ಒಳಗುಳಿದ ಮುಳ್ಳು ಇರಬಹುದು, ಬ್ಯಾಕ್ಟೀರಿಯಾ ಪದರ ಕಟ್ಟಿಕೊಂಡಿರಬಹುದು, ಮತ್ತೆ ಮತ್ತೆ ಬೀಳೋ ಒತ್ತಡ ಇರಬಹುದು.

– ಒತ್ತಡ ಅಂದ್ರಿ. ಅಪ್ಪಂಗೆ ಗಾಳಿ ತಾಗಲಿ, ಒಣಗಲಿ ಅಂತ ಡ್ರೆಸ್ಸಿಂಗ್ ಬಿಚ್ಚಿಟ್ಟು ತೋಟಕ್ಕೆ ಹೋಗಿ ಬರೋ ಅಭ್ಯಾಸ. ಒಣಗಿದರೆ ಮಾಯ್ತು ಅಂತ ಅವರ ಲೆಕ್ಕ.

– ಈ ನಂಬಿಕೆ ಬಿಡಿಸೋದು ಡಾಕ್ಟರುಗಳಿಗೂ ಕಷ್ಟವಾಗಿತ್ತು. ಮೇಲ್ಚರ್ಮ ಮುಚ್ಚಿಕೊಳ್ಳೋದು ಹೇಗೆ ಅಂತ ಕೇಳು. ಅಂಚಿನ ಕೋಶಗಳು ತಮ್ಮ ಅಕ್ಕಪಕ್ಕದ ಹಿಡಿತ ಸಡಿಲ ಮಾಡಿಕೊಂಡು, ಚಪ್ಪಟೆಯಾಗಿ, ಗಾಯದ ಮೇಲೆ ತೆವಳಿಕೊಂಡು ಹೋಗ್ತವೆ. ಬರೀ ಅಂಚಿನಿಂದಲ್ಲ. ತರಚು ಗಾಯವಾದರೆ ಒಳಗುಳಿದ ಕೂದಲಿನ ಬುಡ, ಬೆವರಿನ ಗ್ರಂಥಿ, ಅಲ್ಲಿಂದಲೂ ಹೊಸ ಕೋಶಗಳು ಮೇಲೆ ಬಂದು ಸಣ್ಣ ಸಣ್ಣ ದ್ವೀಪಗಳ ಹಾಗೆ ಹರಡ್ತವೆ. ಮಂಡಿ ತರಚಿಕೊಂಡ ಮಕ್ಕಳ ಗಾಯ ಕಲೆಯೇ ಇಲ್ಲದೆ ಹೋಗೋದು ಅದಕ್ಕೇ. ಆದರೆ ಜೀವಕೋಶ ತೆವಳಬೇಕಾದರೆ ತೇವ ಬೇಕು. ಒಣಗಿದ ಹಕ್ಕಳೆ ಇದ್ದರೆ ಅದರ ಕೆಳಗೆ ಎಲ್ಲಿ ಪಸೆ ಇದೆಯೋ ಅಲ್ಲಿಗೆ ಇಳಿದು, ಹಾದಿ ಕೊರೆದುಕೊಂಡು ಹೋಗಬೇಕು. ಲಂಡನ್ನಿನ ಜಾರ್ಜ್ ವಿಂಟರ್ 1962ರಲ್ಲಿ ಹಂದಿಗಳ ಬೆನ್ನಿನ ಮೇಲೆ ಒಂದೇ ಅಳತೆಯ ಗಾಯಗಳನ್ನ ಮಾಡಿ, ಕೆಲವನ್ನ ಗಾಳಿಗೆ ಬಿಟ್ಟು, ಕೆಲವನ್ನ ಪಾಲಿಥೀನ್ ಹಾಳೆಯಿಂದ ಮುಚ್ಚಿ ನೋಡಿದ. ಮುಚ್ಚಿದ ಗಾಯಗಳಲ್ಲಿ ಹೊಸ ಮೇಲ್ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿತ್ತು. ಇವತ್ತು ಆಸ್ಪತ್ರೆಯಲ್ಲಿ ಕಾಣೋ ಅಷ್ಟೂ ಬಗೆಯ ತೇವದ ಡ್ರೆಸ್ಸಿಂಗ್‌ಗಳಿಗೆ ಮೂಲ ಆ ಪ್ರಯೋಗ.

– ಅರಿಶಿನ, ಕಾಫಿಪುಡಿ? ನನ್ನ ಕಾಲಿಗೆ ಕೆಲಸದವರು ಮೊದಲು ಹಾಕಿದ್ದು ಕಾಫಿಪುಡಿ.

– ಕಾಫಿಪುಡಿ ರಕ್ತದ ಜೊತೆ ಮೆತ್ತಿಕೊಂಡು ನಿಂತ ಹಾಗೆ ಕಾಣುತ್ತೆ ಅಷ್ಟೇ. ಆಮೇಲೆ ಆ ಪುಡಿಯನ್ನೂ ಮ್ಯಾಕ್ರೊಫೇಜೇ ಹೊರಬೇಕು. ಬೂದಿ, ಮಣ್ಣು, ಸಗಣಿ ಅಂತೂ ಧನುರ್ವಾಯುವನ್ನ ಕರೆದು ಒಳಗೆ ಬಿಟ್ಟಂತೆ. ಹರಿಯೋ ನೀರಲ್ಲಿ ಚೆನ್ನಾಗಿ ತೊಳೆದು, ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯೋದಕ್ಕಿಂತ ಒಳ್ಳೆಯ ಪ್ರಥಮ ಚಿಕಿತ್ಸೆ ನನಗೆ ಗೊತ್ತಿಲ್ಲ. ಅರಿಶಿನದ ಮಾತು ಬೇರೆ. ಅದರ ಕರ್ಕ್ಯುಮಿನ್ನಿಗೆ ಉರಿಯೂತ ತಗ್ಗಿಸೋ ಗುಣ ಇದೆ ಅಂತ ಪ್ರಯೋಗಾಲಯಗಳಲ್ಲಿ ಕಂಡಿದೆ. ಗಾಯಕ್ಕೆ ಅರಿಶಿನ ಹಚ್ಚೋದರ ಮೇಲೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೂಡ ಕೊಟ್ಟುಬಿಟ್ಟಿದ್ದರು. ನಮ್ಮ ದೇಶದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೆಯ ಗ್ರಂಥಗಳನ್ನ ಸಾಕ್ಷಿಗಿಟ್ಟು ವಾದಿಸಿ 1997ರಲ್ಲಿ ಅದನ್ನ ರದ್ದು ಮಾಡಿಸ್ತು. ಆ ಗೆಲುವು ದೊಡ್ಡದೇ. ಆದರೆ ಆ ವಾದ ನಡೆದದ್ದು ಈ ತಿಳಿವಳಿಕೆ ಹೊಸದೋ ಹಳೆಯದೋ ಅನ್ನೋದರ ಮೇಲೆ. ಅಡುಗೆಮನೆ ಡಬ್ಬಿಯ ಅರಿಶಿನವನ್ನ ಭಾವನಂಥ ಸಕ್ಕರೆ ಕಾಯಿಲೆಯವರ ಅಂಗಾಲಿನ ಹುಣ್ಣಿಗೆ ತುಂಬೋಕೆ ಅದನ್ನ ಪ್ರಮಾಣಪತ್ರ ಮಾಡಿಕೊಳ್ಳಬೇಡ.

– ನನ್ನ ಗಾಯದಲ್ಲಿ ಒಂದು ವಾರ ಆದಮೇಲೆ ದಾಳಿಂಬೆ ಬಣ್ಣದ ಮಾಂಸ, ಕಾಳು ಕಾಳಾಗಿ ಬಂತು. ಮುಟ್ಟಿದರೆ ರಕ್ತ ಬರ್ತಿತ್ತು. ಕೆಟ್ಟು ಹೋಗಿದೆ ಅಂದುಕೊಂಡೆ.

– ಅದನ್ನ ನೋಡಿದರೆ ಸರ್ಜನ್‌ಗಳಿಗೆ ಸಮಾಧಾನ. ಗಾಯದ ತಳದಲ್ಲಿ ಆಮ್ಲಜನಕ ಕಡಿಮೆ ಇರುತ್ತೆ, ಆ ಕೊರತೆಯೇ ಹೊಸ ರಕ್ತನಾಳಗಳಿಗೆ ಕರೆ. ಎಳೆಯ ನಾಳಗಳು ಕುಣಿಕೆ ಕುಣಿಕೆಯಾಗಿ ಮೇಲೆ ಬರ್ತವೆ. ಆ ಒಂದೊಂದು ಕುಣಿಕೆಯೇ ನಿನಗೆ ಕಂಡ ಕಾಳು. ಅವುಗಳ ನಡುವೆ ಫೈಬ್ರೊಬ್ಲಾಸ್ಟ್ ಅನ್ನೋ ಕೋಶಗಳು ಕೊಲಾಜೆನ್ ತಯಾರಿಸ್ತವೆ. ಆಮೇಲೆ ಅವುಗಳಲ್ಲಿ ಕೆಲವಕ್ಕೆ ಸ್ನಾಯುವಿನ ಶಕ್ತಿ ಬರುತ್ತೆ. 1971ರಲ್ಲಿ ಜಿನೀವಾದ ಗಬ್ಬಿಯಾನಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇವನ್ನ ಗುರುತಿಸಿದ್ರು, ಮಯೊಫೈಬ್ರೊಬ್ಲಾಸ್ಟ್ ಅಂತ. ಇವು ಸುತ್ತಲ ಎಳೆಗಳನ್ನ ಹಿಡಿದು ಎಳೆದು ಗಾಯವನ್ನ ಕಿರಿದು ಮಾಡ್ತವೆ. ಇಲ್ಲೂ ಅದೇ ಪ್ರಶ್ನೆ. ಗಾಯ ಮುಚ್ಚಿದ ಮೇಲೆ ಇವು ಸಾಯಬೇಕು. ಸಾಯದೇ ಹೋದರೆ ಸುಟ್ಟ ಮೊಣಕೈ ಮಡಚಿದ್ದು ಬಿಡಿಸೋಕೆ ಬರಲ್ಲ. ಕೊಲಾಜೆನ್ ತಯಾರಿ ನಿಲ್ಲದೇ ಹೋದರೆ ಕಿವಿ ಚುಚ್ಚಿಸಿದ ಜಾಗದಲ್ಲಿ ಗಂಟು ಬೆಳೆಯುತ್ತೆ, ಕೀಲಾಯ್ಡ್. ಹೆರಾಲ್ಡ್ ಡ್ವೊರಾಕ್ ಅನ್ನೋ ಪೆಥಾಲಜಿಸ್ಟ್ 1986ರಲ್ಲಿ ಇನ್ನೂ ಮುಂದೆ ಹೋಗಿ, ಕ್ಯಾನ್ಸರ್ ಗಡ್ಡೆಯನ್ನೇ ಮಾಯದ ಗಾಯ ಅಂತ ವಿವರಿಸಿದ. ಗಾಯ ಮಾಯಿಸೋಕೆ ದೇಹ ಬಳಸೋ ಇದೇ ದಾರಿಗಳನ್ನ ಗಡ್ಡೆ ತನ್ನ ಬೆಳವಣಿಗೆಗೆ ಬಳಸಿಕೊಳ್ಳುತ್ತೆ, ಅಲ್ಲಿ ನಿಲ್ಲು ಅನ್ನೋ ಮಾತಿಲ್ಲ.

– ಈಗ ಊಟದ ವಿಷಯ. ಗಾಯ ಆದಾಗಿಂದ ಅಪ್ಪಂಗೆ ಗಂಜಿ, ಸಾರು ಅಷ್ಟೇ. ಬೇಳೆ ತಿಂದರೆ ಕೀವಾಗುತ್ತೆ, ಮೊಟ್ಟೆ, ಬದನೆಕಾಯಿ ನಂಜು ಅಂತ ಅಕ್ಕಪಕ್ಕದವರೆಲ್ಲ ಹೇಳ್ತಾರೆ.

– ಇದು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತೆ ಮಗಾ. ಕೊಲಾಜೆನ್ ಅನ್ನೋದು ಪ್ರೋಟೀನು. ಹೊಸ ಚರ್ಮ ಕಟ್ಟಬೇಕಾದ ಹೊತ್ತಲ್ಲೇ ಬೇಳೆ, ಮೊಟ್ಟೆ ಕಿತ್ತುಕೊಂಡರೆ ದೇಹ ಯಾವುದರಿಂದ ಕಟ್ಟಬೇಕು? ಆ ಪ್ರೋಟೀನಿನ ಎಳೆ ಗಟ್ಟಿಯಾಗಿ ಹೊಸೆದುಕೊಳ್ಳೋಕೆ ಸಿ ಜೀವಸತ್ವ ಬೇಕು. ಅದಿಲ್ಲದೆ ಏನಾಗುತ್ತೆ ಅನ್ನೋದಕ್ಕೆ ಎರಡು ಪ್ರಸಂಗ ಹೇಳ್ತೀನಿ. 1740ರಲ್ಲಿ ಇಂಗ್ಲೆಂಡಿನ ಆನ್ಸನ್ ಅನ್ನೋ ನೌಕಾಧಿಕಾರಿ ಹಡಗುಗಳನ್ನ ತಗೊಂಡು ಪ್ರಪಂಚ ಸುತ್ತೋಕೆ ಹೊರಟ. ತಿಂಗಳುಗಟ್ಟಲೆ ಹಣ್ಣು, ತರಕಾರಿ ಇಲ್ಲ. ನಾವಿಕರಿಗೆ ಸ್ಕರ್ವಿ ಬಂತು. ಅವರಲ್ಲೊಬ್ಬ ಐವತ್ತು ವರ್ಷದ ಹಿಂದೆ, 1690ರಲ್ಲಿ, ಐರ್ಲೆಂಡಿನ ಬಾಯ್ನ್ ಯುದ್ಧದಲ್ಲಿ ಗಾಯಗೊಂಡಿದ್ದವನು. ಎಂದೋ ಮಾಯ್ದಿದ್ದ ಆ ಗಾಯಗಳು ಹಡಗಿನ ಮೇಲೆ ಮತ್ತೆ ಬಾಯಿ ಬಿಟ್ಟವು.

– ಐವತ್ತು ವರ್ಷ ಆದಮೇಲೆ?

– ಹೌದು. ಯಾಕಂದ್ರೆ ಕಲೆ ಅನ್ನೋದು ಒಮ್ಮೆ ಅಂಟಿಸಿ ಬಿಟ್ಟ ತೇಪೆ ಅಲ್ಲ. ಅಲ್ಲಿನ ಕೊಲಾಜೆನ್ ಜೀವನಪೂರ್ತಿ ಕರಗ್ತಾ, ಹೊಸದಾಗ್ತಾ ಇರುತ್ತೆ. ಹೊಸದು ಬರೋದು ನಿಂತರೆ ಕರಗೋದು ಮಾತ್ರ ಉಳಿಯುತ್ತೆ. ಎರಡನೆಯದು ಬಾಸ್ಟನ್ನಿನ ಯುವ ಸರ್ಜನ್ ಜಾನ್ ಕ್ರ್ಯಾಂಡನ್ ಕಥೆ. 1939ರಲ್ಲಿ ಆತ ಸಿ ಜೀವಸತ್ವ ಇಲ್ಲದ ಊಟವನ್ನ ತಾನೇ ತಿಂಗಳುಗಟ್ಟಲೆ ಮಾಡಿದ. ಮೂರು ತಿಂಗಳಾದಾಗ ಬೆನ್ನಿನ ಮೇಲೆ ಗಾಯ ಮಾಡಿಸಿಕೊಂಡ, ಮಾಯ್ತು. ಆರು ತಿಂಗಳಾದಾಗ ಇನ್ನೊಂದು ಮಾಡಿಸಿಕೊಂಡ. ಹತ್ತು ದಿನ ಆದಮೇಲೆ ತೆರೆದು ನೋಡಿದರೆ ಒಳಗೆ ಕೂಡಿಕೊಂಡೇ ಇರಲಿಲ್ಲ. ಸಿ ಜೀವಸತ್ವ ಕೊಟ್ಟರು, ಮಾಯ್ತು. ಭಾವನವರಿಗೆ ಬೇಳೆ, ಮೊಟ್ಟೆ, ಮಜ್ಜಿಗೆ, ನೆಲ್ಲಿಕಾಯಿ, ನಿಂಬೆ ಎಲ್ಲ ಕೊಡಿ. ಸಕ್ಕರೆ ಮತ್ತು ಅನ್ನದ ಅಳತೆ ನೋಡಿಕೊಳ್ಳಿ. ಮೂತ್ರಪಿಂಡದ ಪರೀಕ್ಷೆ ಹೇಗಿದೆ ಅಂತ ಡಾಕ್ಟರನ್ನ ಕೇಳಿ ಪ್ರೋಟೀನಿನ ಪ್ರಮಾಣ ಗೊತ್ತು ಮಾಡಿಕೊಳ್ಳಿ.

– ನನ್ನ ಕಾಲಿನ ಕಲೆ? ಅಲ್ಲಿ ಕೂದಲು ಬರ್ತಿಲ್ಲ, ಬೆವರೂ ಇಲ್ಲ.

– ಬರಲ್ಲ. ಆರೋಗ್ಯವಾಗಿರೋ ಚರ್ಮದಲ್ಲಿ ಕೊಲಾಜೆನ್ ಎಳೆಗಳು ಬುಟ್ಟಿ ಹೆಣೆದ ಹಾಗೆ ಅಡ್ಡಡ್ಡ ಉದ್ದುದ್ದ ಇರ್ತವೆ. ಕಲೆಯಲ್ಲಿ ಒಂದೇ ದಿಕ್ಕಿಗೆ ಮಲಗಿರ್ತವೆ. ಮೊದಲ ವಾರದಲ್ಲಿ ಅದರ ಬಲ ಮಾಮೂಲು ಚರ್ಮದ ಹತ್ತನೇ ಒಂದು ಭಾಗ. ಮೂರು ತಿಂಗಳಿಗೆ ನೂರಕ್ಕೆ ಎಪ್ಪತ್ತು ಎಂಬತ್ತರವರೆಗೆ ಬರುತ್ತೆ. ಅಲ್ಲಿಗೆ ನಿಲ್ಲುತ್ತೆ, ನೂರು ಆಗೋದೇ ಇಲ್ಲ. ದೇಹ ಇಲ್ಲಿ ಬೇಗ ಮುಚ್ಚೋದಕ್ಕೆ ಬೆಲೆ ಕೊಟ್ಟಿದೆ, ಮೊದಲಿನಂತೆ ಮಾಡೋದಕ್ಕಲ್ಲ. ತೆರೆದ ಗಾಯ ಇಟ್ಟುಕೊಂಡು ಕಾಡಲ್ಲಿ ಬದುಕೋ ಪ್ರಾಣಿಗೆ ಅದು ಸರಿಯಾದ ಲೆಕ್ಕವೇ. ಆದರೆ ಬೇರೆ ದಾರಿ ಇಲ್ಲ ಅಂತಲ್ಲ. ಗರ್ಭದಲ್ಲಿರೋ ಮಗುವಿಗೆ ಸುಮಾರು 24 ವಾರದೊಳಗೆ ಗಾಯವಾದರೆ ಕಲೆಯೇ ಉಳಿಯಲ್ಲ. ಕೀನ್ಯಾದಲ್ಲಿ ಒಂದು ಜಾತಿಯ ಮುಳ್ಳಿಲಿ ಇದೆ, ಹಿಡಿದರೆ ಬೆನ್ನಿನ ಚರ್ಮ ಬಿಟ್ಟುಕೊಟ್ಟು ಓಡಿಹೋಗುತ್ತೆ. ಆಮೇಲೆ ಕೂದಲಿನ ಬುಡದ ಸಮೇತ ಚರ್ಮ ಮತ್ತೆ ಬೆಳೆಸಿಕೊಳ್ಳುತ್ತೆ. 2012ರಲ್ಲಿ ಇದು ಪ್ರಕಟವಾದಾಗ ನಾನು ಆ ಚಿತ್ರಗಳನ್ನ ಮತ್ತೆ ಮತ್ತೆ ನೋಡಿದೆ. ನಮ್ಮ ಹಾಗೇ ಹಾಲೂಡುವ ಪ್ರಾಣಿ ಅದು.

– ಈಗ ಅಪ್ಪನ ವಿಷಯ ಹೇಳಿ. ಅವರಿಗೆ ನೋವೇ ಇಲ್ಲ. ನೋವಿಲ್ಲ ಅಂದಮೇಲೆ ಗಾಯ ಒಳ್ಳೆಯದೇ ಇದೆ ಅಂತ ವಾದ ಮಾಡ್ತಾರೆ.

– ಅವರ ತೊಂದರೆಯ ಬೇರೇ ಅಲ್ಲಿದೆ. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದರೆ ಕಾಲಿನ ನರಗಳು ಸೊರಗ್ತವೆ. ಜೋಮು ಹಿಡಿದ ಹಾಗೆ, ಹತ್ತಿಯ ಮೇಲೆ ನಡೆದ ಹಾಗೆ ಅನ್ನಿಸುತ್ತೆ, ಆಮೇಲೆ ಏನೂ ಅನ್ನಿಸಲ್ಲ. ನೀನು ಕಾಲಿಗೆ ಪೆಟ್ಟಾದಾಗ ಕುಂಟಿದೆ. ಯಾರೂ ಹೇಳಿಕೊಡದೇ ಆ ಕಾಲಿಗೆ ವಿಶ್ರಾಂತಿ ಕೊಟ್ಟೆ. ಭಾವ ಕುಂಟಲ್ಲ. ಹೆಜ್ಜೆ ಹೆಜ್ಜೆಗೂ ಇಡೀ ಮೈಭಾರ ಆ ಗಾಯದ ಮೇಲೆ ಬೀಳುತ್ತೆ, ಎಳೆಯ ನಾಳಗಳು ಜಜ್ಜಿಹೋಗ್ತವೆ, ಮತ್ತೆ ಮೊದಲಿಂದ ಉರಿಯೂತ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1946ರಲ್ಲಿ ಪಾಲ್ ಬ್ರ್ಯಾಂಡ್ ಅನ್ನೋ ಸರ್ಜನ್ ಬಂದರು. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲೇ ಹುಟ್ಟಿದವರು. ಕುಷ್ಠರೋಗಿಗಳ ಬೆರಳು ರೋಗದಿಂದಲೇ ಕೊಳೆತು ಉದುರುತ್ತೆ ಅಂತ ಆಗ ಎಲ್ಲರ ನಂಬಿಕೆ. ಬ್ರ್ಯಾಂಡ್ ಕೂತು ಒಂದೊಂದು ಗಾಯಕ್ಕೂ ಕಾರಣ ಹುಡುಕಿದ್ರು. ಬಿಸಿ ಪಾತ್ರೆ, ಸಲಿಕೆಯ ಹಿಡಿ, ಚಪ್ಪಲಿಯ ಮೊಳೆ. ರಾತ್ರಿ ಮಲಗಿದ್ದಾಗ ಇಲಿ ಬಂದು ಬೆರಳು ಕಚ್ಚಿದರೂ ರೋಗಿಗೆ ಎಚ್ಚರ ಆಗ್ತಿರಲಿಲ್ಲ. ಅದಕ್ಕೆ ಮನೆಗೆ ಕಳಿಸುವಾಗ ಬೆಕ್ಕು ಕೊಟ್ಟು ಕಳಿಸ್ತಿದ್ರು. ನೋವು ಹೋದ ಮೇಲೆ ಆದ ಗಾಯಗಳು ಅವು. ಕಾಲಿಗೆ ಪ್ಲಾಸ್ಟರ್ ಹಾಕಿ ಭಾರ ಹಂಚಿದರೆ ಅದೇ ಹುಣ್ಣು ಮಾಯ್ತಿತ್ತು. ಆಮೇಲೆ ಅಮೆರಿಕಕ್ಕೆ ಹೋಗಿ ಅದೇ ವಿಧಾನವನ್ನ ಸಕ್ಕರೆ ಕಾಯಿಲೆಯವರ ಕಾಲಿಗೂ ಬಳಸಿದ್ರು.

– ಶುಗರ್ ಇಳಿಸಿದರೆ ಸಾಲದೇನು ಹಾಗಾದರೆ?

– ಇಳಿಸಲೇಬೇಕು. ಶುಗರ್ ಜಾಸ್ತಿ ಇದ್ದರೆ ನ್ಯೂಟ್ರೊಫಿಲ್‌ಗಳಿಗೆ ಬ್ಯಾಕ್ಟೀರಿಯಾ ಕೊಲ್ಲೋ ಶಕ್ತಿ ಕುಗ್ಗುತ್ತೆ, ಮ್ಯಾಕ್ರೊಫೇಜ್ ಆ ಮೊದಲ ಸ್ವಭಾವದಲ್ಲೇ ಉಳಿದುಬಿಡುತ್ತೆ, ಹೊಸದಾಗಿ ನೇಯ್ದ ಎಳೆಗಳನ್ನ ಕತ್ತರಿಸೋ ಕಿಣ್ವಗಳು ಹೆಚ್ಚಾಗ್ತವೆ. ಅಂಚಿನ ಕೋಶಗಳು ಮುಂದೆ ತೆವಳದೆ ಅಲ್ಲೇ ಒಂದರ ಮೇಲೊಂದು ಕೂತು ದಪ್ಪ ಆಗ್ತವೆ. ಆದರೆ ಶುಗರ್ ಒಂದನ್ನೇ ಸರಿಮಾಡಿ ಅವರನ್ನ ತೋಟದಲ್ಲಿ ಓಡಾಡಿಸಿದರೆ ಪ್ರಯೋಜನ ಇಲ್ಲ. ಇನ್ನೊಂದು ಮಾತು, ನಿದ್ದೆ ಮಾಡ್ತಾರಾ?

– ಎಲ್ಲಿ ನಿದ್ದೆ. ಎಲೆಚುಕ್ಕಿ ರೋಗ ಬಂದು ಫಸಲು ಹೋಯ್ತು ಅಂತ ರಾತ್ರಿಯೆಲ್ಲ ಎದ್ದು ಕೂತಿರ್ತಾರೆ.

– ಅದೂ ಲೆಕ್ಕಕ್ಕೆ ಬರುತ್ತೆ. 1995ರಲ್ಲಿ ಅಮೆರಿಕದ ಒಹಾಯೊದಲ್ಲಿ, ಮರೆವಿನ ಕಾಯಿಲೆಯ ಹಿರಿಯರನ್ನ ಮನೆಯಲ್ಲಿ ನೋಡಿಕೊಳ್ತಿದ್ದ ಹೆಂಗಸರ ತೋಳಿಗೆ ಮೂರೂವರೆ ಮಿಲಿಮೀಟರಿನ ಪುಟ್ಟ ಗಾಯ ಮಾಡಿದರು. ಅದೇ ವಯಸ್ಸಿನ, ಆ ಹೊರೆ ಇಲ್ಲದ ಹೆಂಗಸರಿಗೂ ಮಾಡಿದರು. ಹೊರೆ ಹೊತ್ತವರ ಗಾಯ ಮಾಯೋಕೆ ಸರಾಸರಿ 9 ದಿನ ಹೆಚ್ಚು ಹಿಡೀತು. ಚಿಂತೆ ಹೆಚ್ಚಾದಾಗ ಏರೋ ಕಾರ್ಟಿಸಾಲ್ ಅನ್ನೋ ಹಾರ್ಮೋನು ಮೊದಲ ದಿನಗಳ ಉರಿಯೂತವನ್ನ ಸರಿಯಾಗಿ ಏಳೋಕೆ ಬಿಡಲ್ಲ. ಫಸಲಿನ ಚಿಂತೆ ಬಿಡಿ ಅಂತ ಭಾವನಿಗೆ ಹೇಳೋದು ನನ್ನಿಂದಾಗಲ್ಲ, ಅದು ನಿಜವಾದ ಚಿಂತೆ. ನೀನು ತೋಟದ ಲೆಕ್ಕ ವಹಿಸಿಕೊಂಡರೆ ಅಷ್ಟಾದರೂ ಇಳಿದೀತು.

– ವಹಿಸಿಕೊಳ್ತೀನಿ. ಈಗ ಮೊದಲು ಏನು ಮಾಡಲಿ?

– ಮೊದಲು ಆ ಕಾಲು ನೆಲಕ್ಕೆ ಊರಬಾರದು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಸರ್ಜನ್‌ಗೆ ತೋರಿಸು. ಪಾದದ ನಾಡಿ ಸಿಗುತ್ತಾ, ರಕ್ತ ಸರಿಯಾಗಿ ಹರೀತಿದೆಯಾ ಅಂತ ಮೊದಲು ನೋಡಿಸಬೇಕು. ರಕ್ತವೇ ಬರದ ಕಾಲಿಗೆ ಪ್ಲಾಸ್ಟರ್ ಹಾಕೋ ಹಾಗಿಲ್ಲ, ಸತ್ತ ಮಾಂಸ ಕೆರೆಯೋದಕ್ಕೂ ಮೊದಲು ಇದು ಗೊತ್ತಿರಬೇಕು. ನೈಲಾನ್ ಎಳೆ ಒತ್ತಿ ಸ್ಪರ್ಶ ಪರೀಕ್ಷೆ ಮಾಡ್ತಾರೆ. ಗಾಯದೊಳಗೆ ಕಡ್ಡಿ ಹಾಕಿ ಮೂಳೆಗೆ ತಾಗುತ್ತಾ ನೋಡ್ತಾರೆ, ತಾಗಿದರೆ ಎಕ್ಸ್‌ರೇ. ಸುತ್ತ ಕಟ್ಟಿರೋ ದಪ್ಪ ಚರ್ಮ ಕೆತ್ತಿ ತೆಗೆದಾಗ ಗಾಯ ಮೊದಲಿಗಿಂತ ದೊಡ್ಡದಾಗಿ ಕಾಣುತ್ತೆ, ಮನೆಯವರು ಗಾಬರಿಯಾಗ್ತಾರೆ. ಅಡ್ಡಿ ತೆಗೆಯೋದು ಅಂದ್ರೆ ಅದೇ. ಅಲ್ಲಿಂದ ವಾರಕ್ಕೊಮ್ಮೆ ಉದ್ದ, ಅಗಲ ಅಳೆದು ಬರೆದಿಡು. ನಾಲ್ಕು ವಾರಕ್ಕೆ ವಿಸ್ತೀರ್ಣ ಅರ್ಧ ಆಗಿರಬೇಕು. ಆಗದಿದ್ದರೆ ಅದೇ ಮುಲಾಮು ಮುಂದುವರಿಸ್ತಾ ಕೂರಬೇಡಿ, ಎಲ್ಲಿ ನಿಂತಿದೆ ಅಂತ ಮತ್ತೆ ಹುಡುಕಬೇಕು.

– ಅಲ್ಲಿಯವರೆಗೆ ಯಾವುದಕ್ಕೆ ಹೆದರಬೇಕು?

– ಕೆಂಪು ಪಾದದ ಮೇಲಕ್ಕೆ ಹತ್ತೋದು, ವಾಸನೆ, ಬೆರಳು ಕಪ್ಪಾಗೋದು, ಜ್ವರ ಚಳಿ, ಕಾರಣ ಇಲ್ಲದೆ ಶುಗರ್ ಏರೋದು. ಇದರಲ್ಲಿ ಯಾವುದಾದರೂ ಒಂದು ಕಂಡರೆ ಬೆಳಗಾಗಲಿ ಅಂತ ಕಾಯದೆ ಹೊರಟುಬಿಡಿ. ಸದ್ಯಕ್ಕೆ ಡ್ರೆಸ್ಸಿಂಗ್ ಬಿಚ್ಚಿದಾಗ ಪಕ್ಕದಲ್ಲಿ ಸ್ಕೇಲ್ ಇಟ್ಟು ಒಂದು ಫೋಟೊ ತೆಗೆದು ಕಳಿಸು. ಅಂಚು, ತಳದ ಬಣ್ಣ ಎರಡೂ ಕಾಣೋ ಹಾಗೆ, ಕಿಟಕಿಯ ಬೆಳಕಲ್ಲಿ ತೆಗಿ. ನೋಡಿ ಫೋನ್ ಮಾಡ್ತೀನಿ, ಫೋನು ಭಾವನ ಕೈಗೆ ಕೊಡು.